ಒಡೆದ ಹಲಗೆಗಳೂ ಮಂಜೂಷದಲ್ಲಿದ್ದವು

ಪ್ರೀತಿಯ ತಂಗಿ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಜೆರುಸಲೇಮಿನಲ್ಲಿ ಆಚಾರವಂತ ಯೆಹೂದ್ಯರ ಮನೆಯೊಂದು ಗೊತ್ತಾಗಿದೆ, ಮರೆವಿನ ಕಾಯಿಲೆಯ ಅಜ್ಜಿಯೊಬ್ಬರನ್ನು ನೋಡಿಕೊಳ್ಳಬೇಕು, ಆ ಮನೆಯ ಕಟ್ಟುಕಟ್ಟಳೆಗಳನ್ನು ಕೇಳಿ ಹೆದರಿಕೆಯಾಗಿದೆ, ಒಪ್ಪಿಕೊಳ್ಳಲೋ ಬೇಡವೋ ಎಂದು ಬರೆದಿದ್ದೀಯ. ಸಂಬಳ, ಭಾಷೆ, ಊಟ, ರಜೆ, ಸೈರನ್ ಎಂದು ಐದಾರು ಪ್ರಶ್ನೆಗಳನ್ನೂ ಕೇಳಿ, ಕೊನೆಯಲ್ಲಿ 'ಅವರ ಗ್ರಂಥಗಳಿಂದಲೇ ಈ ಕೆಲಸ ಕಲಿತೆ ಎನ್ನುತ್ತೀರಂತಲ್ಲ ಅಕ್ಕ, ನಮ್ಮಂಥವರಿಗೆ ಅದರಲ್ಲಿ ಏನಿದೆ?' ಎಂದು ಸೇರಿಸಿದ್ದೀಯ. ಆ ಕೊನೆಯ ಪ್ರಶ್ನೆಗೇ ನನ್ನಲ್ಲಿ ಹೆಚ್ಚು ಉತ್ತರವಿರುವುದರಿಂದ ಉಳಿದವನ್ನು ಬೇಗ ಮುಗಿಸುತ್ತೇನೆ.

ಭಾಷೆ ಆರು ತಿಂಗಳಲ್ಲಿ ನಾಲಿಗೆಗೆ ಬರುತ್ತದೆ. ಸೈರನ್ ಕೂಗಿದರೆ ಅಜ್ಜಿಯನ್ನು ಕರೆದುಕೊಂಡು ಆಶ್ರಯದ ಕೋಣೆಗೆ ಹೋಗು. ಅದನ್ನೆಲ್ಲ ಊರಿಗೆ ಫೋನ್ ಮಾಡಿ ವರ್ಣಿಸಬೇಡ. ರಜೆಯ ದಿನ ಜಾಫಾದ ಇಗರ್ಜಿಗೆ ಬಾ, ನಮ್ಮ ಕಡೆಯವರು ಸಿಗುತ್ತಾರೆ. ಕರಾರುಪತ್ರದ ಒಂದು ಪ್ರತಿ ಸದಾ ನಿನ್ನ ಪೆಟ್ಟಿಗೆಯಲ್ಲಿರಲಿ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದು ಎಂದು ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ. ಆದರೆ ಅದೇ ಅಧ್ಯಾಯವನ್ನು ಓದುವ ಮನೆಯೊಂದರಲ್ಲಿ ನನ್ನ ಜೊತೆ ಬಂದ ಹುಡುಗಿಗೆ ಎರಡು ತಿಂಗಳ ಸಂಬಳ ತಡೆದಿದ್ದರು. ಆದ್ದರಿಂದ ಮನೆಯಲ್ಲಿ ಗ್ರಂಥವಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಂಬಬೇಡ, ಅಷ್ಟಕ್ಕೇ ಹೆದರಲೂ ಬೇಡ.

ಅಡುಗೆಮನೆಯ ವಿಷಯದಲ್ಲಿ ನೀನು ಹೆದರುವಂಥದ್ದೇನೂ ಇಲ್ಲ. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ಅವರ ಧರ್ಮಶಾಸ್ತ್ರದಲ್ಲಿ ಮೂರು ಕಡೆ ಬರುತ್ತದೆ. ಅದರಿಂದಲೇ ಹಾಲಿಗೊಂದು, ಮಾಂಸಕ್ಕೊಂದು ಎಂದು ಪಾತ್ರೆ, ಚಮಚ, ತೊಳೆಯುವ ತೊಟ್ಟಿ ಎಲ್ಲವೂ ಬೇರೆಬೇರೆಯಾಗಿವೆ. ನನ್ನ ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಭಟ್ಟರ ಮನೆಯಲ್ಲಿ ಮುಸುರೆಯ ಕೈಯಿಂದ ಮಜ್ಜಿಗೆಯ ಪಾತ್ರೆ ಮುಟ್ಟಬಾರದು ಎಂಬುದನ್ನು ನಾನು ಏಳನೆಯ ವಯಸ್ಸಿಗೇ ಕಲಿತಿದ್ದೆ, ನಿನಗೂ ಹೇಳಿಕೊಡಬೇಕಾಗಿಲ್ಲ. ಮೀನಿನಲ್ಲಿ ರೆಕ್ಕೆಯೂ ಪೊರೆಯೂ ಇರುವುದು ಸಲ್ಲುತ್ತದೆ, ಅಂದರೆ ಬಂಗುಡೆ, ಬೂತಾಯಿಗೆ ಅಡ್ಡಿಯಿಲ್ಲ. ಸಿಗಡಿ ಮಾತ್ರ ಹೊಸ್ತಿಲು ದಾಟುವಂತಿಲ್ಲ. 2011ರ ನವೆಂಬರಿನಲ್ಲಿ ನಾನು ಬಂದಿಳಿದಾಗ ಅಮ್ಮ ಒಣಸಿಗಡಿ ಚಟ್ನಿಯನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಮೇಣದ ಬತ್ತಿಯನ್ನು ಕರಗಿಸಿ ಸುರಿದು ಕೊಟ್ಟಿದ್ದಳು. ನಾನು ಕೆಲಸಕ್ಕೆ ಸೇರಿದ ಮನೆಯ ಮಗಳು ಅದೇನೆಂದು ಕೇಳಿ ತಿಳಿದು, ಬೇಸರ ಮಾಡಿಕೊಳ್ಳದೆ, ಆದರೆ ಬಾಟಲಿಯನ್ನು ಕೈಯಲ್ಲಿ ಮುಟ್ಟದೆ, ಅದು ನಿನ್ನ ಪೆಟ್ಟಿಗೆಯಲ್ಲೇ ಇರಲಿ ಎಂದರು. ಮೊದಲ ರಜೆಯವರೆಗೆ ಹನ್ನೆರಡು ದಿನ ಅದು ಮಂಚದಡಿಯಲ್ಲಿತ್ತು. ರಾತ್ರಿ ಒಮ್ಮೊಮ್ಮೆ ಪೆಟ್ಟಿಗೆ ತೆರೆದು ಮೇಣದ ಮೇಲೆ ಮೂಗಿಟ್ಟು ಮಲಗುತ್ತಿದ್ದೆ.

ಮೊದಲ ಶುಕ್ರವಾರ ಸಂಜೆ ನಾನು ಮಾಡಿದ ತಪ್ಪು ನಿನಗೆ ಉಪಯೋಗಕ್ಕೆ ಬರಬಹುದು. ನಾನು ನೋಡಿಕೊಳ್ಳುವ ಹಿರಿಯರನ್ನು 'ಸಾಬಾ' ಎನ್ನುತ್ತೇನೆ, ಅಂದರೆ ಅಜ್ಜ. ಅವರು ನಿವೃತ್ತ ಶಿಕ್ಷಕರು. ಆಗಲೇ ಎಂಬತ್ತರ ಹತ್ತಿರವಿದ್ದರು. ಸಬ್ಬತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಅವರ ಬಿಡುವಿನ ದಿನ, ಹೊಕ್ಕಮೇಲೆ ಕತ್ತಲಲ್ಲಿ ಪುಸ್ತಕ ಹಿಡಿದು ಕೂತಿದ್ದಾರಲ್ಲ ಎಂದು ನಾನು ದೀಪದ ಗುಂಡಿ ಒತ್ತಿದೆ. ಅವರು ಒಂದು ಮಾತೂ ಆಡದೆ ಊರುಗೋಲು ಹಿಡಿದು ಎದ್ದು, ಮೊದಲೇ ಹೊತ್ತಿಸಿಟ್ಟಿದ್ದ ದೀಪವಿರುವ ಪಡಸಾಲೆಗೆ ಹೋಗಿ ಕೂತರು. ಅವರಿಗಾಗಿ ನಾವು ಹೊತ್ತಿಸಿದ ಬೆಳಕನ್ನೂ ಅವರು ಆ ದಿನ ಬಳಸುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಜೀವಕ್ಕೆ ಅಪಾಯವೆಂದರೆ ಸಬ್ಬತ್ತಿನ ಎಲ್ಲ ನಿಯಮವೂ ಪಕ್ಕಕ್ಕೆ ಸರಿಯುತ್ತದೆ: ಮುಂದೆ ಅನೇಕ ಸಬ್ಬತ್‌ಗಳನ್ನು ಆಚರಿಸಲೆಂದು ಒಬ್ಬನಿಗಾಗಿ ಒಂದು ಸಬ್ಬತ್ತನ್ನು ಮುರಿ ಎಂದು ಅವರ ಪ್ರಾಚೀನ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುದಿನ 'ಯೋಮಾ' ಸಂಪುಟ ಹೇಳುತ್ತದೆ. ಆದ್ದರಿಂದ ಅಜ್ಜಿಗೆ ಉಸಿರು ಕಟ್ಟಿದರೆ ಯಾರನ್ನೂ ಕೇಳುತ್ತ ಕೂರದೆ ಇಲ್ಲಿನ ಆಂಬುಲೆನ್ಸಿನ 101ಕ್ಕೆ ಫೋನ್ ಮಾಡು. ಸಬ್ಬತ್ತಿನ ಬಿಡುವಿನ ಬಗ್ಗೆ ಚೆಂದದ ಮಾತುಗಳನ್ನು ಬಹಳ ಜನ ಬರೆಯುತ್ತಾರೆ; ಮನೆಯಲ್ಲೇ ಉಳಿಯುವ ನಮಗೆ ಆ ದಿನ ಕೆಲಸ ಒಂದು ಕೈ ಹೆಚ್ಚೇ.

ಇನ್ನು ಗ್ರಂಥದ ಮಾತು. ಊರಿನಲ್ಲಿ ನಾಲ್ಕು ವರ್ಷ ಅನುದಾನವಿಲ್ಲದ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳಾದ್ದರಿಂದ ಎಲ್ಲಿ ಅಕ್ಷರ ಕಂಡರೂ ಓದುವ ಚಾಳಿ ನನಗಿದೆ. ಹೀಬ್ರೂವಿನಲ್ಲಿ ನಾನು ಕೂಡಿಸಿ ಓದಿದ ಮೊದಲ ವಾಕ್ಯ ಬಸ್ಸಿನೊಳಗೆ ಬರೆದದ್ದು: ತಲೆನರೆತವರ ಮುಂದೆ ಎದ್ದು ನಿಲ್ಲು. ಅದೂ ಯಾಜಕಕಾಂಡದ ಆ 19ನೆಯ ಅಧ್ಯಾಯದ್ದೇ ಎಂದು ಹೇಳಿದವರು ಸಾಬಾರ ಓದಿನ ಜೊತೆಗಾರರು. ತಾಲ್ಮುದನ್ನು ಒಬ್ಬರೇ ಓದುವುದಕ್ಕಿಂತ ಇಬ್ಬರು ಎದುರುಬದುರು ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಕೆದಕುತ್ತ ಓದುವುದು ಅವರ ವಾಡಿಕೆ. 1923ರಲ್ಲಿ ಆರಂಭವಾದ ಒಂದು ಕ್ರಮದಂತೆ ದಿನಕ್ಕೊಂದು ಹಾಳೆಯಂತೆ 2711 ಹಾಳೆಗಳನ್ನು ಸುಮಾರು ಏಳೂವರೆ ವರ್ಷದಲ್ಲಿ ಮುಗಿಸುತ್ತಾರೆ. ಸಾಬಾ 2012ರ ಆಗಸ್ಟಿನಲ್ಲಿ ಹಾಗೆ ಮುಗಿಸಿದವರು. ಮೂಲದ ಅರಮಾಯಿಕ್ ಭಾಷೆ ನನಗೆ ತಿಳಿಯದು. ಜೊತೆಗಾರರು ಸ್ಟೈನ್‌ಸಾಲ್ಟ್ಸ್ ಅವರ ಆಧುನಿಕ ಹೀಬ್ರೂ ಅನುವಾದ ತಂದು ಗಟ್ಟಿಯಾಗಿ ಓದುತ್ತಿದ್ದುದರಿಂದ ಬದಿಯಲ್ಲಿ ತರಕಾರಿ ಹೆಚ್ಚುತ್ತಿದ್ದ ನನ್ನ ಕಿವಿಗೂ ಬೀಳುತ್ತಿತ್ತು.

ಸಾಬಾರಿಗೆ ಮರೆವು ಶುರುವಾದದ್ದು 2015ರ ಹೊತ್ತಿಗೆ. ಒಂದು ಮಧ್ಯಾಹ್ನ ಹೆಂಡತಿ ಎಲ್ಲಿ ಎಂದು ಕೇಳಿದರು. ನಾನು ಸುಳ್ಳು ಹೇಳಬಾರದೆಂದು, ಅವರು ತೀರಿಕೊಂಡು ಏಳು ವರ್ಷವಾಯಿತಲ್ಲ ಎಂದೆ. ಆ ಸುದ್ದಿಯನ್ನು ಆಗಷ್ಟೇ ಕೇಳಿದವರಂತೆ ಅವರು ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಅತ್ತರು. ಸಂಜೆಗೆ ಮರೆತು ಮತ್ತೆ ಕೇಳಿದರು. ಜೊತೆಗಾರರು ಬಂದಾಗ ಇದನ್ನು ಹೇಳಿದೆ. ಅವರು 'ಬೆರಾಖೋತ್' ಸಂಪುಟ ತೆಗೆದು ಒಂದು ಸಾಲನ್ನು ತೋರಿಸಿದರು. ರಬ್ಬಿ ಯೆಹೋಶುವ ಬೆನ್ ಲೇವಿ ತನ್ನ ಮಕ್ಕಳಿಗೆ ಹೇಳಿದ ಬುದ್ಧಿಮಾತು ಅದು: ತನ್ನ ತಪ್ಪಿಲ್ಲದೆ ಓದನ್ನು ಮರೆತ ಮುದುಕನ ವಿಷಯದಲ್ಲಿ ಎಚ್ಚರದಿಂದಿರಿ, ಏಕೆಂದರೆ ಇಡೀ ಹಲಗೆಗಳೂ ಒಡೆದ ಹಲಗೆಗಳೂ ಮಂಜೂಷದಲ್ಲಿ ಒಟ್ಟಿಗೇ ಇದ್ದವು. ಮಂಜೂಷವೆಂದರೆ ಅವರ ಪವಿತ್ರ ಪೆಟ್ಟಿಗೆ. ದೇವರ ಹತ್ತು ಆಜ್ಞೆಗಳನ್ನು ಹೊತ್ತು ಮೋಶೆ ಬೆಟ್ಟದಿಂದ ಇಳಿದು ಬಂದು ಒಡೆದು ಹಾಕಿದ ಕಲ್ಲಿನ ಹಲಗೆಗಳ ಕತೆ ನಮಗೆ ಧರ್ಮೋಪದೇಶದ ತರಗತಿಯಿಂದಲೇ ಗೊತ್ತು. ಆದರೆ ಆ ಚೂರುಗಳು ಏನಾದವು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಎರಡನೆಯ ಸಲ ಬರೆದು ಕೊಟ್ಟ ಹಲಗೆಗಳ ಪಕ್ಕದಲ್ಲೇ, ಅದೇ ಪೆಟ್ಟಿಗೆಯೊಳಗೆ, ಮರುಭೂಮಿಯುದ್ದಕ್ಕೂ ಅವನ್ನೂ ಹೊತ್ತು ನಡೆದರು ಎಂಬುದು ಆ ಪಂಡಿತರ ಓದು. ಮರೆವಿನವರ ಆರೈಕೆಗೆ ಇಂದು ಕೊಡುವ ತರಬೇತಿಯಲ್ಲಿ ರೋಗಿಯನ್ನು ತಿದ್ದಬೇಡಿ, ವಾದಿಸಬೇಡಿ ಎಂದು ಕಲಿಸುತ್ತಾರೆ. ಏಕೆ ಎಂಬುದು ನನಗೆ ಆ ಒಂದು ಸಾಲಿನಿಂದ ತಿಳಿಯಿತು. ಆಮೇಲೆ ಹೆಂಡತಿಯನ್ನು ಕೇಳಿದಾಗಲೆಲ್ಲ, ಅವರು ಶುಕ್ರವಾರ ಏನು ಅಡುಗೆ ಮಾಡುತ್ತಿದ್ದರು ಸಾಬಾ ಎಂದು ಕೇಳುತ್ತಿದ್ದೆ. ಅರ್ಧ ಗಂಟೆ ಹೇಳುತ್ತಿದ್ದರು.

ಉಣ್ಣಿಸುವಾಗ ನೆನಪಿಡಬೇಕಾದ ಕತೆಯೊಂದು ಇನ್ನೊಂದು ತಾಲ್ಮುದಿನಲ್ಲಿ, ಜೆರುಸಲೇಮಿನ ತಾಲ್ಮುದಿನಲ್ಲಿದೆ. ಒಬ್ಬ ಮಗ ತಂದೆಗೆ ಕೊಬ್ಬಿದ ಕೋಳಿಗಳನ್ನು ಉಣಬಡಿಸುತ್ತಿದ್ದ. ಇವೆಲ್ಲಿಂದ ಬಂದವು ಮಗನೇ ಎಂದು ತಂದೆ ಕೇಳಿದರೆ, ಮುದುಕಾ, ನಾಯಿಗಳು ಸುಮ್ಮನೆ ತಿನ್ನುವಂತೆ ನೀನೂ ತಿನ್ನು ಎಂದ. ಇನ್ನೊಬ್ಬ ತಂದೆಯನ್ನು ಬೀಸುವ ಕಲ್ಲಿಗೆ ಕೂರಿಸಿದ್ದ. ಆದರೆ ಅರಸನ ಬಿಟ್ಟಿಗೆ ಕರೆ ಬಂದಾಗ, ಅಲ್ಲಿ ಏಟು, ಅವಮಾನ ಬಿದ್ದರೆ ನನಗೇ ಬೀಳಲಿ ಎಂದು ತಂದೆಯ ಬದಲು ತಾನು ಹೋದ. ಕೋಳಿ ತಿನ್ನಿಸಿದವನಿಗೆ ನರಕ, ಬೀಸಿಸಿದವನಿಗೆ ಸ್ವರ್ಗ.

ಈಗ ನೀನು ಕೇಳದ ಪ್ರಶ್ನೆ. ನಿನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜಾಗುತ್ತಿದೆ ಎಂದು ಪತ್ರದ ನಡುವೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. 12ನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯನೂ ಆಗಿದ್ದ ಯೆಹೂದ್ಯ ಪಂಡಿತ ಮೈಮೊನಿಡಿಸ್ ತನ್ನ ಧರ್ಮಸಂಹಿತೆಯಲ್ಲಿ ಬರೆಯುತ್ತಾನೆ: ತಂದೆಯದೋ ತಾಯಿಯದೋ ಬುದ್ಧಿ ಕೆಟ್ಟರೆ ಅವರ ಮನಸ್ಸಿಗೆ ಹೊಂದಿಕೊಂಡು ನಡೆಯಲು ಯತ್ನಿಸಬೇಕು, ಸಹಿಸಲು ಸಾಧ್ಯವೇ ಇಲ್ಲವೆಂದಾದರೆ ಬಿಟ್ಟು ಹೋಗಿ, ತಕ್ಕಂತೆ ನೋಡಿಕೊಳ್ಳಲು ಬೇರೆಯವರಿಗೆ ಒಪ್ಪಿಸಬಹುದು. ಆ 'ಬೇರೆಯವರು' ನಾವು, ತಂಗಿ. ನಮ್ಮ ಕೆಲಸಕ್ಕೆ ಅಷ್ಟು ಹಳೆಯ ಪುಸ್ತಕದಲ್ಲಿ ಒಂದು ಜಾಗವಿದೆ ಎಂದು ತಿಳಿದ ದಿನ ನನಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದರ ಪಕ್ಕದಲ್ಲೇ ಅದೇ ಕಾಲದ, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸಿನ ಪಂಡಿತ ರಾವಾದ್‌ನ ಆಕ್ಷೇಪವಿದೆ: ಇದು ಸರಿಯಾದ ತೀರ್ಪಲ್ಲ, ಮಗನೇ ಬಿಟ್ಟು ಹೋದರೆ ನೋಡಿಕೊಳ್ಳಲು ಯಾರಿಗೆ ಹೇಳುತ್ತಾನೆ?

ನನ್ನ ಅಮ್ಮನಿಗೂ 2017ರಿಂದ ಮರೆವು ಶುರುವಾಯಿತು. ತಮ್ಮ ಕುವೈತಿನಲ್ಲಿದ್ದ. ನಾನು ಕಳಿಸಿದ ಹಣದಲ್ಲಿ ಒಬ್ಬ ಹೋಂ ನರ್ಸನ್ನು ಇಟ್ಟೆವು. ನನ್ನ ಹಾಗೆಯೇ ಯಾವುದೋ ಊರಿನಿಂದ ಬಂದ ಹುಡುಗಿ. ವಿಡಿಯೋ ಕರೆಯಲ್ಲಿ ಅಮ್ಮ ನನ್ನನ್ನು ನೋಡಿ, ನೀವು ಯಾರ ಮಗಳು ಎಂದು ಕೇಳುತ್ತಿದ್ದಳು. ಆ ಮಧ್ಯಾಹ್ನದ ನಂತರ ಸಾಬಾರನ್ನು ಒಂದು ದಿನವೂ ತಿದ್ದದ ನಾನು ಅಮ್ಮನನ್ನು ಮಾತ್ರ ಬಿಡಲಿಲ್ಲ: ಅಮ್ಮಾ, ನಾನು! ಸರಿಯಾಗಿ ನೋಡು, ಹೆಸರು ಹೇಳು ನೋಡೋಣ. ಶಾಲೆಯ ಮಕ್ಕಳನ್ನು ಕೇಳಿದ ಹಾಗೆ. 2020ರ ಮಾರ್ಚಿನ ಒಂದು ಶುಕ್ರವಾರ ಸಬ್ಬತ್ತಿನ ಅಡುಗೆಯ ಅವಸರದಲ್ಲಿದ್ದಾಗ ಅವಳು ಮೂರನೆಯ ಸಲ 'ಊಟ ಆಯಿತಾ' ಎಂದಳು. ಹೇಳಿದೆನಲ್ಲಮ್ಮ ಎಂದು ಗದರಿ ಫೋನ್ ಇಟ್ಟೆ. ಏಪ್ರಿಲಿನಲ್ಲಿ ಅವಳು ತೀರಿಕೊಂಡಳು. ವಿಮಾನಗಳು ನಿಂತು ಹೋಗಿದ್ದವು.

'ಕಿದ್ದುಶಿನ್' ಸಂಪುಟದಲ್ಲಿ ರವ್ ಅಸ್ಸಿಯ ಕತೆಯಿದೆ. ಮುದಿ ತಾಯಿಯ ಬುದ್ಧಿಗೆ ನಿಲುಕದ ಬೇಡಿಕೆಗಳನ್ನು ತಾಳಲಾರದೆ ಅವನು ಅವಳನ್ನು ಬಿಟ್ಟು ಈ ಇಸ್ರೇಲ್ ನಾಡಿಗೆ ಬಂದ. ಅವಳು ಹಿಂದೆಯೇ ಹೊರಟಳೆಂದು ಕೇಳಿ, ನಾಡಿನ ಗಡಿ ದಾಟಿ ಎದುರುಗೊಳ್ಳಲು ಹೋಗಬಹುದೇ ಎಂದು ಗುರುವನ್ನು ಕೇಳಿದ. ಅಷ್ಟರಲ್ಲಿ ಬರುತ್ತಿರುವುದು ಅವಳ ಶವಪೆಟ್ಟಿಗೆ ಎಂದು ತಿಳಿಯಿತು. 'ಗೊತ್ತಿದ್ದರೆ ಹೊರಡುತ್ತಿರಲಿಲ್ಲ' ಎಂದ. ಎಲ್ಲಿಂದ ಹೊರಡುತ್ತಿರಲಿಲ್ಲ, ಈ ನಾಡಿನಿಂದಲೋ, ತಾಯಿಯ ಮನೆಯಿಂದಲೋ, ಎರಡು ರೀತಿಯಲ್ಲೂ ಓದಬಹುದು. ನಾನು ಒಂದೇ ರೀತಿಯಲ್ಲಿ ಓದುತ್ತೇನೆ.

ಅಮ್ಮ ತೀರಿಕೊಂಡ ವಾರ ಸಾಬಾರ ಮಗಳು, ನಿನಗೆ ನಮ್ಮ ನಿಯಮವಿಲ್ಲ, ಆದರೂ ಕೂತುಕೋ ಎಂದು ಒಂದು ಗಿಡ್ಡ ಕುರ್ಚಿ ತಂದಿಟ್ಟು, ಬೇಯಿಸಿದ ಮೊಟ್ಟೆ ಕೊಟ್ಟರು. ಅವರಲ್ಲಿ ಸಾವಿನ ಮನೆಯವರು ಏಳು ದಿನ ನೆಲದ ಹತ್ತಿರ ಕೂರುತ್ತಾರೆ. ದುಃಖದಲ್ಲಿರುವವರು ಬಾಯಿಬಿಡುವವರೆಗೆ ಬಂದವರು ಮಾತಾಡಬಾರದು. ಸಾಬಾ ಎದುರಿಗೆ ಕೂತು ಸುಮ್ಮನಿರುತ್ತಿದ್ದರು, ಸಂಪ್ರದಾಯಕ್ಕೋ ಕಾಯಿಲೆಗೋ ತಿಳಿಯದು. ನಾನು ಅತ್ತಾಗ, ಯಾರು ಹೋದರು ಎಂದು ಕೇಳುತ್ತಿದ್ದರು. ಅಮ್ಮ ಎನ್ನುತ್ತಿದ್ದೆ. ಕೈ ಹಿಡಿದುಕೊಂಡು, ಅವಳು ಹೇಗಿದ್ದಳು ಹೇಳು ಎನ್ನುತ್ತಿದ್ದರು. ಮರುದಿನ ಮರೆತು ಮತ್ತೆ ಕೇಳುತ್ತಿದ್ದರು. ಏಳು ದಿನ ಏಳು ಸಲ ಹೇಳಿದೆ.

ಮನೆಯನ್ನು ಒಪ್ಪಿಕೋ. ಅಮ್ಮನಿಗೆ ಫೋನ್ ಮಾಡುವ ಹೊತ್ತು ಶುಕ್ರವಾರ ಮಧ್ಯಾಹ್ನ ಬೇಡ. ಶನಿವಾರ ರಾತ್ರಿ ಸಬ್ಬತ್ ಮುಗಿದಮೇಲೆ ಮಾಡೋಣವೆಂದರೆ ಊರಿನಲ್ಲಿ ಆಗಲೇ ತಡವಾಗಿರುತ್ತದೆ, ಆದ್ದರಿಂದ ಗುರುವಾರ ಇಟ್ಟುಕೋ. ಕುಚ್ಚಲಕ್ಕಿ ಐದು ಕಿಲೋ ಸಾಕು. ಸಿಗಡಿ ಚಟ್ನಿ ಮಾಡಿಕೊಟ್ಟರೆ ಅಲ್ಲಿ ಸಲ್ಲುವುದಿಲ್ಲ ಎಂದು ಅಮ್ಮನಿಗೆ ಹೇಳಬೇಡ, ತೆಗೆದುಕೊಂಡು ಬಾ. ರಜೆಗೆಂದು ನಾವು ನಾಲ್ವರು ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಒಂದು ಕಪಾಟು ಖಾಲಿಯಿದೆ.

ನಿನ್ನ ಅಕ್ಕ