ಭದ್ರತೆಯ ಗುತ್ತಿಗೆ: ಯಾವುದನ್ನು ಒಪ್ಪಿಸಬಹುದು?

ಪ್ರಶ್ನೆ: ಡೊಂಬಿವಲಿಯಲ್ಲಿ ಕನ್ನಡಿಗರು ಸೇರಿ ನಡೆಸುತ್ತಿರುವ ನಮ್ಮ ಪತ್ತಿನ ಸಹಕಾರ ಸಂಘದ ಕಂಪ್ಯೂಟರ್ ಭದ್ರತೆಯನ್ನು ಹೊರಗಿನ ಕಂಪನಿಗೆ ವಹಿಸುವ ಪ್ರಸ್ತಾಪವಿದೆ. ಒಪ್ಪಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಒಪ್ಪಬಹುದು, ಆದರೆ ಕರಾರನ್ನು ಸಾಲುಸಾಲಾಗಿ ಓದಿದ ಮೇಲೆ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸೈಬರ್ ದಾಳಿಯಲ್ಲಿ ಸುಮಾರು 94 ಕೋಟಿ ರೂಪಾಯಿ ಲೂಟಿಯಾದದ್ದು 2018ರ ಆಗಸ್ಟ್ 11ರ ಶನಿವಾರದಿಂದ 13ರ ಸೋಮವಾರದೊಳಗೆ ಎಂಬುದನ್ನು ನೆನೆದರೆ, ರಜೆಯಲ್ಲೂ ರಾತ್ರಿಯಲ್ಲೂ ಕಣ್ಣಿಡುವವರು ಏಕೆ ಬೇಕೆಂಬುದು ತಿಳಿಯುತ್ತದೆ. ನಾಲ್ಕಾರು ಸಿಬ್ಬಂದಿಯ ಸಂಘವು ಅಂಥ ಪಾಳಿಯನ್ನು ಸ್ವಂತ ಬಲದಿಂದ ನಡೆಸಲಾರದು. ನನ್ನ ದೃಷ್ಟಿಯಲ್ಲಿ ಮುಖ್ಯ ಲಾಭ ಇದೇ.

ಅಪಾಯವೆಂದರೆ, ಹೊರಗಿನವರಿಗೆ ತೆರೆದ ಬಾಗಿಲಿನಿಂದ ಕಳ್ಳರೂ ಬರಬಹುದು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದವರು ಒಳಹೊಕ್ಕದ್ದು ಹವಾನಿಯಂತ್ರಣದ ಗುತ್ತಿಗೆದಾರರ ಲಾಗಿನ್ ಕದ್ದು. ಆದ್ದರಿಂದ ಕಂಪನಿಗೆ ಕೆಲಸಕ್ಕೆ ಬೇಕಾದಷ್ಟೇ ಪ್ರವೇಶ ಕೊಡಿ, ಎರಡು ಹಂತದ ದೃಢೀಕರಣವನ್ನು ಕಡ್ಡಾಯಗೊಳಿಸಿ, ಒಪ್ಪಂದ ಮುಗಿದ ದಿನವೇ ಆ ಖಾತೆಗಳನ್ನು ಮುಚ್ಚಿಸಿ.

ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ನಿರ್ದೇಶನದಂತೆ, ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ಅದಕ್ಕೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರುಗಳಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆಗಳನ್ನು) 180 ದಿನ ಕಾಯ್ದಿರಿಸಬೇಕು. ಕಂಪನಿಯು ನಿಮಗೆ ಎಷ್ಟು ಗಂಟೆಯೊಳಗೆ ತಿಳಿಸಬೇಕು, ಲಾಗ್‌ಗಳು ಯಾರ ಬಳಿ ಇರುತ್ತವೆ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಮಾಹಿತಿಯನ್ನು ನಿಮ್ಮ ಪರವಾಗಿ ಬೇರೆಯವರು ನಿರ್ವಹಿಸಿದರೂ ಅದರ ಹೊಣೆಯನ್ನು ನಿಮ್ಮ ಮೇಲೆಯೇ ಇರಿಸುತ್ತದೆ. ಹಾಗಾಗಿ ಕಂಪನಿಯ ವರದಿಗಳನ್ನು ಓದಿ ಪ್ರಶ್ನಿಸಬಲ್ಲ ಒಬ್ಬರಾದರೂ ಸಂಘದೊಳಗೆ ಇರಲೇಬೇಕು. ಅಂಥವರು ಸದ್ಯ ಇಲ್ಲದಿದ್ದರೆ, ಮೊದಲು ಅವರನ್ನು ನೇಮಿಸಿಕೊಂಡು ಆಮೇಲೆ ಸಹಿ ಮಾಡಿ.