ಸಾರ್ವಜನಿಕ ಕಂಪ್ಯೂಟರಿಗೆ ಬೀಗ: ಮೊದಲು ನೆಟ್‌ವರ್ಕಿಗೆ, ಆಮೇಲೆ ಯಂತ್ರಕ್ಕೆ

ಪ್ರಶ್ನೆ: ನಮ್ಮದು ಒಂಬತ್ತು ಜನ ಕೆಲಸ ಮಾಡುವ ಸಣ್ಣ ಕಚೇರಿ. ಬರುವವರು ಅರ್ಜಿ ತುಂಬಲು, ದಾಖಲೆಗಳ ಪ್ರಿಂಟ್ ತೆಗೆದುಕೊಳ್ಳಲು ಅನುಕೂಲವಾಗಲೆಂದು ಹೊರಕೋಣೆಯಲ್ಲಿ ಮೂರು ಕಂಪ್ಯೂಟರುಗಳನ್ನು ಇಟ್ಟಿದ್ದೇವೆ. ಅವೂ ನಮ್ಮ ಕಂಪ್ಯೂಟರುಗಳೂ ಒಂದೇ ರೌಟರಿಗೆ ಸೇರಿವೆ. ಈಚೆಗೆ ಒಬ್ಬರು ಅಲ್ಲಿ ಕುಳಿತೇ ನಮ್ಮ ಲೆಕ್ಕಪತ್ರದ ಫೋಲ್ಡರನ್ನು ತೆರೆದುಬಿಟ್ಟು, ತಾವೇ ಬಂದು ನಮಗೆ ತಿಳಿಸಿದರು. ಇನ್ನೊಂದು ದಿನ ಯಾರದೋ ಇಮೇಲ್ ತೆರೆದಂತೆಯೇ ಉಳಿದಿತ್ತು. ನಮ್ಮಲ್ಲಿ ಸರ್ವರ್ ಇಲ್ಲ, ಐಟಿ ಸಿಬ್ಬಂದಿಯೂ ಇಲ್ಲ. ಕಂಟ್ರೋಲ್ ಪ್ಯಾನೆಲ್ ಮರೆಮಾಡುವ, ರೈಟ್ ಕ್ಲಿಕ್ ತಡೆಯುವ ತಂತ್ರಾಂಶವೊಂದನ್ನು ಹಾಕಿಕೊಂಡರೆ ಸಾಕೇ?

ಉತ್ತರ: ಸಾಲದು. ತಾವೇ ಬಂದು ತಿಳಿಸಿದ ಆ ವ್ಯಕ್ತಿ ನಿಮಗೆ ದೊಡ್ಡ ಉಪಕಾರ ಮಾಡಿದ್ದಾರೆ, ಏಕೆಂದರೆ ಅವರು ತೋರಿಸಿಕೊಟ್ಟದ್ದು ಹೊರಕೋಣೆಯ ಕಂಪ್ಯೂಟರಿನ ದೋಷವನ್ನಲ್ಲ, ನಿಮ್ಮ ನೆಟ್‌ವರ್ಕಿನ ದೋಷವನ್ನು. ನೀವು ಐಕಾನುಗಳನ್ನೆಲ್ಲ ಅಡಗಿಸಿದ್ದರೂ, ರೈಟ್ ಕ್ಲಿಕ್ ತಡೆದಿದ್ದರೂ, ಯಾವುದಾದರೂ ಪ್ರೋಗ್ರಾಮಿನಲ್ಲಿ ಫೈಲನ್ನು ಸೇವ್ ಮಾಡುವಾಗ ತೆರೆಯುವ ಪುಟ್ಟ ಕಿಟಕಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ನಿಮ್ಮ ಲೆಕ್ಕದ ಕಂಪ್ಯೂಟರಿನ ಹೆಸರು ಬರೆದಿದ್ದರೆ ಆ ಫೋಲ್ಡರ್ ಹಾಗೆಯೇ ತೆರೆದುಕೊಳ್ಳುತ್ತಿತ್ತು. ಮರೆಮಾಡುವ ತಂತ್ರಾಂಶಗಳು ಸಾಮಾನ್ಯ ಬಳಕೆದಾರರಿಗೆ ಕಿರಿಕಿರಿ ತರುತ್ತವೆ. ತಿಳಿದವನನ್ನು ಅವು ಹತ್ತು ನಿಮಿಷವೂ ತಡೆಯುವುದಿಲ್ಲ.

ಅಪರಿಚಿತನೊಬ್ಬ ತನ್ನ ಲ್ಯಾಪ್‌ಟಾಪ್ ತಂದು ನಿಮ್ಮ ರೌಟರಿಗೆ ತಂತಿ ಚುಚ್ಚಿದರೆ ನೀವು ಎಷ್ಟು ಎಚ್ಚರ ವಹಿಸುತ್ತೀರೋ, ಹೊರಕೋಣೆಯ ಕಂಪ್ಯೂಟರುಗಳ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ಅವುಗಳಿಗೆ ಹಣ ಕೊಟ್ಟವರು ನೀವು ಎಂಬುದು ನಿಜ, ಆದರೆ ದಿನವಿಡೀ ಅವುಗಳ ಮುಂದೆ ಕೂರುವವರು ನೀವಲ್ಲ. ಒಂದಲ್ಲ ಒಂದು ದಿನ ಆ ಯಂತ್ರ ಕೆಡುತ್ತದೆ ಎಂದೇ ಇಟ್ಟುಕೊಂಡು, ಕೆಟ್ಟಾಗ ಆ ಕೇಡು ಒಳಕೋಣೆಗೆ ದಾಟದಂತೆ ನೋಡಿಕೊಳ್ಳುವುದು ಮೊದಲ ಕೆಲಸ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುರುದ್ದೇಶದ ತಂತ್ರಾಂಶ ಹರಡಿದ್ದು ವಿಂಡೋಸಿನಲ್ಲಿ ಫೈಲುಗಳನ್ನು ಹಂಚಿಕೊಳ್ಳುವ ಎಸ್‌ಎಂಬಿ ವ್ಯವಸ್ಥೆಯ ಮೂಲಕವೇ, ಅಂದರೆ ಸಂಪರ್ಕಕ್ಕೆಂದು ಯಂತ್ರ ತೆರೆದಿಡುವ ಸಂಖ್ಯೆಯ ಬಾಗಿಲುಗಳಲ್ಲಿ ಒಂದಾದ 445ನೆಯ ಪೋರ್ಟಿನ ಮೂಲಕ. ಒಂದು ಯಂತ್ರಕ್ಕೆ ಅದು ತಗುಲಿದರೆ, ಅದೇ ನೆಟ್‌ವರ್ಕಿನಲ್ಲಿದ್ದ ಮಿಕ್ಕ ಯಂತ್ರಗಳಲ್ಲಿ ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿಯೇ ಇರಲಿಲ್ಲ. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲಿಯೇ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದವರು ತೊಂದರೆಗೆ ಸಿಕ್ಕಿದರು.

ಬೇರ್ಪಡಿಸುವುದು ಹೇಗೆ ಎಂಬಲ್ಲಿ ಅನೇಕರು ಎಡವುತ್ತಾರೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನವರು ಇನ್ನೊಂದು ರೌಟರನ್ನು ತಂದು, ಅದನ್ನು ಹಳೆಯ ರೌಟರಿಗೆ ಸೇರಿಸಿ, ಸಾರ್ವಜನಿಕ ಕಂಪ್ಯೂಟರುಗಳನ್ನು ಈ ಹೊಸ ರೌಟರಿಗೆ ಜೋಡಿಸಿ, ಕೆಲಸ ಮುಗಿಯಿತೆಂದು ಸಮಾಧಾನಪಡುತ್ತಾರೆ. ಇದು ನಮಗೆ ಬೇಕಾದುದಕ್ಕೆ ಪೂರ್ತಿ ತಿರುಗುಮುರುಗು. ರೌಟರ್ ತನ್ನ ಹೊರಗಿನಿಂದ ಒಳಕ್ಕೆ ತಾನಾಗಿ ಬರುವ ಸಂಪರ್ಕವನ್ನು ತಡೆಯುತ್ತದೆಯೇ ಹೊರತು ಒಳಗಿನಿಂದ ಹೊರಕ್ಕೆ ಹೋಗುವುದನ್ನಲ್ಲ. ಹೊಸ ರೌಟರಿನ ಹಿಂದೆ ಕುಳಿತ ಸಾರ್ವಜನಿಕ ಕಂಪ್ಯೂಟರಿನ ಪಾಲಿಗೆ ನಿಮ್ಮ ಕಚೇರಿಯ ನೆಟ್‌ವರ್ಕು ಇಂಟರ್ನೆಟ್ಟಿಗೆ ಹೋಗುವ ದಾರಿಯಲ್ಲೇ ಇರುವ ಒಂದು ಊರು. ಅಲ್ಲಿ ಇಳಿಯಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಎರಡೇ ರೌಟರುಗಳಿದ್ದರೆ ಜೋಡಣೆ ತಿರುವುಮುರುವಾಗಬೇಕು: ಸಾರ್ವಜನಿಕ ಯಂತ್ರಗಳು ಹೊರಗಿನ ರೌಟರಿನಲ್ಲಿ, ಕಚೇರಿಯ ಯಂತ್ರಗಳು ಒಳಗಿನ ರೌಟರಿನ ಹಿಂದೆ. ಆಗಲೂ ಒಂದು ಕೊರತೆ ಉಳಿಯುತ್ತದೆ. ಕಚೇರಿಯಿಂದ ಇಂಟರ್ನೆಟ್ಟಿಗೆ ಹೋಗುವುದೆಲ್ಲ ಸಾರ್ವಜನಿಕರ ಅಂಗಳವನ್ನು ದಾಟಿಯೇ ಹೋಗಬೇಕಾದ್ದರಿಂದ, ಅಲ್ಲಿ ಕುಳಿತ ಚತುರನೊಬ್ಬ ತನ್ನ ಯಂತ್ರವೇ ಹೊರಗಿನ ರೌಟರ್ ಎಂದು ನಿಮ್ಮ ಒಳರೌಟರನ್ನು ನಂಬಿಸಿ ಆ ಸಂಚಾರವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಹುದು. ಇಂಟರ್ನೆಟ್ಟಿಗೆ ಒಂದು ರೌಟರ್, ಅದರ ಕೆಳಗೆ ಕವಲಿನಂತೆ ಕಚೇರಿಗೆ ಒಂದು, ಸಾರ್ವಜನಿಕರಿಗೆ ಇನ್ನೊಂದು ಎಂದು ಮೂರು ರೌಟರುಗಳನ್ನು ಇಟ್ಟರೆ ಈ ಕೊರತೆ ನೀಗುತ್ತದೆ. ಮೂರಕ್ಕೂ ಐಪಿ ವಿಳಾಸಗಳ, ಅಂದರೆ ಪ್ರತಿ ಯಂತ್ರವನ್ನು ಗುರುತಿಸುವ ಸಂಖ್ಯೆಗಳ, ಸರಣಿ ಬೇರೆ ಬೇರೆಯಾಗಿರಬೇಕು, ಒಂದಕ್ಕೆ 192.168.1, ಇನ್ನೊಂದಕ್ಕೆ 192.168.10, ಮತ್ತೊಂದಕ್ಕೆ 192.168.20 ಎಂಬಂತೆ.

ವಿಎಲ್ಯಾನ್ ಸೌಲಭ್ಯ, ಅಂದರೆ ಒಂದೇ ಜಾಲವನ್ನು ಬೇರೆ ಬೇರೆ ಗುಂಪುಗಳಾಗಿ ಒಡೆಯುವ ಸೌಲಭ್ಯ, ಇರುವ ರೌಟರ್ ಮತ್ತು ಸ್ವಿಚ್ಚನ್ನು (ಹಲವು ತಂತಿಗಳನ್ನು ಸೇರಿಸುವ ಪೆಟ್ಟಿಗೆ) ಕೊಳ್ಳಲು ಸಾಧ್ಯವಾದರೆ ಇದೆಲ್ಲವನ್ನೂ ಮೂರು ರೌಟರುಗಳಿಲ್ಲದೆಯೇ ಇನ್ನೂ ಅಚ್ಚುಕಟ್ಟಾಗಿ ಮಾಡಬಹುದು. ತಂತಿ ಚುಚ್ಚುವ ಯಾವ ಪೋರ್ಟು ಯಾವ ಗುಂಪಿಗೆ ಸೇರಿದ್ದು ಎಂದು ಗೊತ್ತುಪಡಿಸಿ, ಸಾರ್ವಜನಿಕ ಗುಂಪಿನಿಂದ ಕಚೇರಿ ಗುಂಪಿಗೆ ಏನೂ ದಾಟಬಾರದೆಂದು ರೌಟರಿನಲ್ಲಿ ನಿಯಮ ಬರೆದರಾಯಿತು. ಈ ನಿಯಮ ಬರೆಯುವುದನ್ನು ಮರೆಯಬೇಡಿ. ಅನೇಕ ರೌಟರುಗಳು ನಾವಾಗಿ ತಡೆಯುವವರೆಗೆ ಒಂದು ವಿಎಲ್ಯಾನಿನಿಂದ ಇನ್ನೊಂದಕ್ಕೆ ಸಂತೋಷವಾಗಿಯೇ ದಾರಿ ಬಿಡುತ್ತವೆ. ಸಾಮಾನ್ಯ ರೌಟರುಗಳಲ್ಲಿರುವ ಗೆಸ್ಟ್ ನೆಟ್‌ವರ್ಕ್ ಬಹುಮಟ್ಟಿಗೆ ವೈಫೈಗೆ ಮಾತ್ರ ಅನ್ವಯಿಸುತ್ತದೆ. ಹೊರಕೋಣೆಯ ಕಂಪ್ಯೂಟರುಗಳಿಗೆ ವೈಫೈ ಇದ್ದರೆ ಆರಂಭಕ್ಕೆ ಅದು ಸಾಕು, ತಂತಿಯಿದ್ದರೆ ಸಾಲದು.

ಜೋಡಣೆಯಾದ ಮೇಲೆ ಸಾರ್ವಜನಿಕ ಕಂಪ್ಯೂಟರಿನಲ್ಲಿ ಕುಳಿತು ಪರೀಕ್ಷಿಸಿ ನೋಡಿ. ಪಿಂಗ್ ಮಾಡಿ, ಅಂದರೆ ಇನ್ನೊಂದು ಯಂತ್ರಕ್ಕೆ ಪುಟ್ಟ ಸಂದೇಶ ಕಳಿಸಿ, ಉತ್ತರ ಬಾರದಿದ್ದರೆ ಬೇರ್ಪಟ್ಟಿದೆ ಎಂದು ನಂಬಬೇಡಿ, ಏಕೆಂದರೆ ವಿಂಡೋಸಿನ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದೆ ಸುಮ್ಮನಿರಬಹುದು. ಹಿಂದೆ ತೆರೆಯುತ್ತಿದ್ದ ಹಂಚಿಕೆಯ ಫೋಲ್ಡರನ್ನು ಅದರ ಐಪಿ ವಿಳಾಸದಿಂದಲೇ ತೆರೆಯಲು ಪ್ರಯತ್ನಿಸಿ, ಕಚೇರಿಯ ಪ್ರಿಂಟರಿನ ಸೆಟ್ಟಿಂಗ್ ಪುಟವನ್ನು ಬ್ರೌಸರಿನಲ್ಲಿ ಕರೆದು ನೋಡಿ, ರೌಟರಿನ ಆಡಳಿತದ ಪುಟ ಬರುತ್ತದೆಯೇ ಎಂಬುದನ್ನೂ ನೋಡಿ. ರೌಟರಿನ ಪಾಸ್‌ವರ್ಡು ಅದರ ತಳದಲ್ಲಿ ಅಂಟಿಸಿದ ಚೀಟಿಯಲ್ಲಿದ್ದುದೇ ಇನ್ನೂ ಇದ್ದರೆ, ಇಷ್ಟು ಹೊತ್ತು ಹೇಳಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆಯೇ.

ಪ್ರಿಂಟರಿನ ಮಾತು ಬಂದದ್ದರಿಂದ ಹೇಳುತ್ತೇನೆ: ಸಾರ್ವಜನಿಕರಿಗೆ ಪ್ರತ್ಯೇಕ ಪ್ರಿಂಟರ್ ಇಡಿ. ಸ್ಕ್ಯಾನ್ ಮಾಡಿದ್ದನ್ನು ನೇರವಾಗಿ ಫೋಲ್ಡರಿಗೆ ಕಳಿಸುವ ಕಚೇರಿಯ ಯಂತ್ರಗಳಲ್ಲಿ ಆ ಫೋಲ್ಡರಿನ ಪಾಸ್‌ವರ್ಡು, ನಿಮ್ಮವರ ಇಮೇಲ್ ವಿಳಾಸಗಳು ಎಲ್ಲವೂ ಕೂಡಿಟ್ಟಿರುತ್ತವೆ. ಅಂಥ ಯಂತ್ರವನ್ನು ಎರಡೂ ಕಡೆಗೆ ಸೇರಿಸುವುದೆಂದರೆ ಗೋಡೆ ಕಟ್ಟಿ ಅದರಲ್ಲೇ ಕಿಂಡಿ ತೆಗೆದಂತೆ.

ಇನ್ನು ಯಂತ್ರದ ಬೀಗ. ಸಾರ್ವಜನಿಕರು ಬಳಸುವ ಖಾತೆ ಸ್ಟ್ಯಾಂಡರ್ಡ್ ಖಾತೆಯಾಗಿರಬೇಕು, ಎಂದಿಗೂ ಅಡ್ಮಿನಿಸ್ಟ್ರೇಟರ್ ಖಾತೆಯಾಗಿರಬಾರದು. ಅಡ್ಮಿನ್ ಖಾತೆಯ ಪಾಸ್‌ವರ್ಡು ಮೂರು ಯಂತ್ರಗಳಲ್ಲಿಯೂ ಬೇರೆ ಬೇರೆಯಾಗಿರಬೇಕು; ಕಚೇರಿಯ ಯಂತ್ರಗಳದ್ದರ ಜೊತೆಯಂತೂ ಹೋಲಲೇಬಾರದು. ಒಂದು ಯಂತ್ರದಿಂದ ಕದ್ದ ಪಾಸ್‌ವರ್ಡಿನ ಹ್ಯಾಶನ್ನು (ಯಂತ್ರ ಕೂಡಿಟ್ಟಿರುವ ಅದರ ಗೂಢ ರೂಪವನ್ನು) ಬಿಡಿಸದೆಯೇ, ಅದೇ ಪಾಸ್‌ವರ್ಡಿರುವ ಇನ್ನೊಂದು ಯಂತ್ರಕ್ಕೆ ನುಗ್ಗುವ ವಿಧಾನಗಳಿವೆ. ವಿಂಡೋಸ್ ಹೋಮ್ ಆವೃತ್ತಿ ಇದ್ದರೆ ಪ್ರೊ ಆವೃತ್ತಿಗೆ ಏರಿಸಿಕೊಳ್ಳಿ, ಏಕೆಂದರೆ ನಿರ್ಬಂಧಗಳನ್ನು ಬರೆಯುವ ಗ್ರೂಪ್ ಪಾಲಿಸಿ ಎಡಿಟರಾಗಲಿ, ಯಂತ್ರವನ್ನು ಕಿಯಾಸ್ಕ್ (ಗೊತ್ತುಪಡಿಸಿದ ಕೆಲಸವನ್ನಷ್ಟೇ ಮಾಡಬಲ್ಲ ಸಾರ್ವಜನಿಕ ಯಂತ್ರ) ಮಾಡಲು ಬೇಕಾದ ಅಸೈನ್ಡ್ ಆಕ್ಸೆಸ್ ಆಗಲಿ ಹೋಮ್ ಆವೃತ್ತಿಯಲ್ಲಿಲ್ಲ. ಸರ್ವರ್ ಇಲ್ಲದೆಯೂ, ಅಡ್ಮಿನ್ ಅಲ್ಲದವರಿಗೆ ಮಾತ್ರ ಅನ್ವಯಿಸುವ ಪಾಲಿಸಿಗಳನ್ನು ಪ್ರತ್ಯೇಕವಾಗಿ ಬರೆಯುವ ಅವಕಾಶ ವಿಂಡೋಸಿನ ಹಳೆಯ ಆವೃತ್ತಿಯಾದ ವಿಸ್ತಾದ ಕಾಲದಿಂದಲೂ ಇದೆ. ಇದನ್ನು ತಿಳಿಯದೆ ಎಲ್ಲರಿಗೂ ನಿರ್ಬಂಧ ಹಾಕಿ, ಕೊನೆಗೆ ತಾವೇ ಒಳಗೆ ಹೋಗಲಾರದೆ ಒದ್ದಾಡಿದವರಿದ್ದಾರೆ.

ನಿಮ್ಮ ಸಂದರ್ಶಕರು ಬ್ರೌಸರನ್ನು ಮಾತ್ರ ಬಳಸುವುದಾದರೆ ಎಡ್ಜ್ ಬ್ರೌಸರಿನ ಕಿಯಾಸ್ಕ್ ಸಾರ್ವಜನಿಕ ಬ್ರೌಸಿಂಗ್ ವಿಧಾನ ಒಳ್ಳೆಯದು. ಅದರಲ್ಲಿ ಸೆಷನ್ ಮುಗಿಸುವ ಗುಂಡಿಯಿದೆ, ಯಾರೂ ಮುಟ್ಟದೆ ಇಷ್ಟು ನಿಮಿಷ ಕಳೆದರೆ ತಾನಾಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ತೆರೆದುಕೊಳ್ಳುವಂತೆ ಮಾಡಬಹುದು. ತೆರೆದಂತೆಯೇ ಉಳಿದ ಆ ಇಮೇಲಿಗೆ ಪರಿಹಾರ ಇದೇ. ಬರುವವರು ತಾವಾಗಿ ಲಾಗ್‌ಔಟ್ ಮಾಡಲಿ ಎಂದು ಗೋಡೆಗೆ ಸೂಚನೆ ಅಂಟಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಅವಸರದಲ್ಲಿರುವವರು ಗೋಡೆಯನ್ನು ಓದುವುದಿಲ್ಲ.

ವರ್ಡ್, ಎಕ್ಸೆಲ್‌ಗಳೂ ಬೇಕಿದ್ದರೆ ಯಾವ ಪ್ರೋಗ್ರಾಂ ನಡೆಯಬಹುದು ಎಂಬುದನ್ನು ಆಪ್‌ಲಾಕರ್ ಮೂಲಕ ಗೊತ್ತುಪಡಿಸಿ. ಹಿಂದೆ ದೊಡ್ಡ ಆವೃತ್ತಿಗಳಿಗೆ ಮೀಸಲಾಗಿದ್ದ ಈ ಸೌಲಭ್ಯ ಈಗ ಪ್ರೊ ಆವೃತ್ತಿಯಲ್ಲಿಯೂ ಕೆಲಸ ಮಾಡುತ್ತದೆ. ಅದರ ಮೂಲ ನಿಯಮಗಳ ಪ್ರಕಾರ ಸಾಮಾನ್ಯ ಬಳಕೆದಾರ ವಿಂಡೋಸ್ ಮತ್ತು ಪ್ರೋಗ್ರಾಂ ಫೈಲ್ಸ್ ಫೋಲ್ಡರುಗಳಲ್ಲಿರುವುದನ್ನು ಮಾತ್ರ ನಡೆಸಬಹುದು. ಹೀಗಾದಾಗ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರೋಗ್ರಾಮಾಗಲಿ, ಪೆನ್‌ಡ್ರೈವಿನಲ್ಲಿ ತಂದ ಪ್ರೋಗ್ರಾಮಾಗಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಇದೇ ಕಾರಣಕ್ಕೆ ಯುಎಸ್‌ಬಿ ಪೋರ್ಟುಗಳನ್ನು ಪೂರ್ತಿ ಮುಚ್ಚಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪ್ರಿಂಟ್ ತೆಗೆಯಲು ಬಂದವರ ಪೆನ್‌ಡ್ರೈವನ್ನು ಇಲ್ಲಿ ಬೇಡವೆಂದರೆ, ಅದು ನೇರವಾಗಿ ಒಳಗೆ ಕುಳಿತ ನಿಮ್ಮ ಸಿಬ್ಬಂದಿಯ ಕಂಪ್ಯೂಟರಿಗೇ ಬರುತ್ತದೆ; ಅಪಾಯ ತಪ್ಪಲಿಲ್ಲ, ಒಳಕ್ಕೆ ಬಂದಿತು.

ಬಯಾಸಿಗೆ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಪಾಸ್‌ವರ್ಡ್ ಹಾಕಿ, ಪೆನ್‌ಡ್ರೈವಿನಿಂದ ಬೂಟ್ ಆಗುವುದನ್ನು ತಡೆಯಿರಿ, ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಬಿಟ್‌ಲಾಕರ್ ಹಾಕಿ. ಅನೇಕ ಡೆಸ್ಕ್‌ಟಾಪುಗಳಲ್ಲಿ ಒಳಗಿನ ಪುಟ್ಟ ಬ್ಯಾಟರಿಯನ್ನು ತೆಗೆದರೆ ಬಯಾಸ್ ಪಾಸ್‌ವರ್ಡು ಅಳಿಸಿಹೋಗುವುದರಿಂದ ಪೆಟ್ಟಿಗೆಗೂ ಒಂದು ಬೀಗ ಇರಲಿ. ಯಂತ್ರಗಳಲ್ಲಿ ಇನ್ನೂ ವಿಂಡೋಸ್ 10 ಇದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ನೆನಪಿರಲಿ.

ಪ್ರಶ್ನೆ: ರೀಸ್ಟಾರ್ಟ್ ಮಾಡಿದೊಡನೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುವಂತೆ ಮಾಡುವ ತಂತ್ರಾಂಶವನ್ನು ನಮ್ಮ ವಾಚನಾಲಯದ ಕಂಪ್ಯೂಟರುಗಳಿಗೆ ಹಾಕಿದ್ದೇವೆ. ಬಹಳ ಉಪಯುಕ್ತವಾಗಿದೆ, ಆದರೆ ದಿನವೂ ಬೆಳಿಗ್ಗೆ ಅವೇ ಅಪ್‌ಡೇಟುಗಳು ಮತ್ತೆ ಮತ್ತೆ ಇಳಿಯುತ್ತ ಇಂಟರ್ನೆಟ್ ನಿಧಾನವಾಗುತ್ತದೆ. ಅಪ್‌ಡೇಟನ್ನೇ ನಿಲ್ಲಿಸಿಬಿಡೋಣವೇ?

ಉತ್ತರ: ನಿಲ್ಲಿಸಬೇಡಿ. ಡಿಸ್ಕಿಗೆ ಬರೆಯುವುದನ್ನೆಲ್ಲ ಬೇರೊಂದು ತಾತ್ಕಾಲಿಕ ಜಾಗಕ್ಕೆ ತಿರುಗಿಸಿ, ರೀಸ್ಟಾರ್ಟ್ ಆದಾಗ ಆ ಜಾಗವನ್ನು ಬರಿದುಮಾಡುವುದು ಈ ತಂತ್ರಾಂಶಗಳ ಕೆಲಸ. ನಿಮ್ಮ ಅಪ್‌ಡೇಟುಗಳು ಕೂಡ ಅಲ್ಲಿಗೇ ಹೋಗಿ ಬೀಳುತ್ತಿವೆ. ಮೈಕ್ರೋಸಾಫ್ಟ್ ಹಿಂದೆ ಎಕ್ಸ್‌ಪಿ ಮತ್ತು ವಿಸ್ತಾಗಳಿಗಾಗಿ ಸ್ಟೆಡಿಸ್ಟೇಟ್ ಎಂಬ ಉಚಿತ ಸಾಧನವನ್ನು ಕೊಡುತ್ತಿತ್ತು. ಅಪ್‌ಡೇಟುಗಳನ್ನು ಗೊತ್ತಾದ ವೇಳೆಗೆ ಉಳಿಸಿಕೊಳ್ಳುವ ಏರ್ಪಾಡು ಅದರಲ್ಲಿಯೇ ಇತ್ತು. ಶಾಲೆಗಳೂ ಗ್ರಂಥಾಲಯಗಳೂ ಬಳಸುತ್ತಿದ್ದ ಆ ಸಾಧನವನ್ನು ವಿಂಡೋಸ್ 7ಕ್ಕೆ ಮುಂದುವರಿಸದೆ ಕೈಬಿಟ್ಟದ್ದು ಇಂದಿಗೂ ನನಗೆ ಬೇಸರದ ಸಂಗತಿ. ಈಗ ಅದೇ ಬಗೆಯ ಕೆಲಸವನ್ನು ಯೂನಿಫೈಡ್ ರೈಟ್ ಫಿಲ್ಟರ್ ಮಾಡುತ್ತದೆ, ಆದರೆ ಅದು ಎಂಟರ್‌ಪ್ರೈಸ್, ಎಜುಕೇಷನ್ ಮುಂತಾದ ಆವೃತ್ತಿಗಳಲ್ಲಿ ಮಾತ್ರ ಇದೆ, ಪ್ರೊ ಆವೃತ್ತಿಯಲ್ಲಿಲ್ಲ. ಡೀಪ್ ಫ್ರೀಜ್‌ನಂತಹ ಹೊರಗಿನ ತಂತ್ರಾಂಶಗಳು ಬಳಕೆಗೆ ಬಂದಿರುವುದು ಈ ಕೊರತೆಯಿಂದಲೂ ಹೌದು.

ನೀವು ಯಾವುದನ್ನು ಬಳಸುತ್ತಿದ್ದರೂ ಅದರಲ್ಲಿ ನಿರ್ವಹಣೆಯ ವೇಳೆಯನ್ನು ನಿಗದಿ ಮಾಡುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ವಾಚನಾಲಯ ಮುಚ್ಚಿದ ಮೇಲೆ, ವಾರಕ್ಕೆ ಒಂದೆರಡು ರಾತ್ರಿ ಯಂತ್ರ ತಾನಾಗಿ ತೆರೆದ ಸ್ಥಿತಿಗೆ, ಅಂದರೆ ಬರೆದದ್ದೆಲ್ಲ ಉಳಿಯುವ ಸ್ಥಿತಿಗೆ, ಹೋಗಿ, ಅಪ್‌ಡೇಟುಗಳನ್ನು ಹಾಕಿಕೊಂಡು, ರೀಸ್ಟಾರ್ಟ್ ಆಗಿ ಮತ್ತೆ ಬೀಗ ಹಾಕಿಕೊಳ್ಳುವಂತೆ ಹೊಂದಿಸಿ. ಆ ಅವಧಿಯಲ್ಲಿ ಕೀಬೋರ್ಡ್ ಮತ್ತು ಮೌಸ್ ಕೆಲಸ ಮಾಡದಂತೆ ತಡೆಯುವ ಸೌಲಭ್ಯವಿದ್ದರೆ ಅದನ್ನೂ ಬಳಸಿ. ತೆರೆದ ಸ್ಥಿತಿಗೆ ಹೋಗುವ ಮೊದಲು ಒಂದು ಬಾರಿ ರೀಸ್ಟಾರ್ಟ್ ಆಗಲೇಬೇಕು, ಇಲ್ಲವಾದರೆ ಆ ದಿನ ಯಾರೋ ಬಿಟ್ಟುಹೋದ ಕಸವೂ ಅಪ್‌ಡೇಟಿನ ಜೊತೆ ಶಾಶ್ವತವಾಗಿ ಉಳಿದುಬಿಡಬಹುದು. ಬಳಕೆದಾರರು ಬರೆಯುತ್ತಿದ್ದ ಅರ್ಜಿ ವಿದ್ಯುತ್ ಹೋದಾಗ ಅಳಿಸಿಹೋಯಿತೆಂಬ ದೂರು ಮಾತ್ರ ಬರುತ್ತಲೇ ಇರುತ್ತದೆ. ಯುಪಿಎಸ್ ಇಡುವುದು, ಪೆನ್‌ಡ್ರೈವಿನಲ್ಲಿ ಉಳಿಸಿಕೊಳ್ಳಲು ಮೊದಲೇ ಹೇಳುವುದು ಇವೆರಡನ್ನು ಬಿಟ್ಟು ಅದಕ್ಕೆ ಬೇರೆ ಮದ್ದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಏರ್ಪಾಡು ಮಾಡಿದ ಸಾರ್ವಜನಿಕ ಕಂಪ್ಯೂಟರಿನಲ್ಲಿ ನಮ್ಮ ಸಿಬ್ಬಂದಿ ಅವಸರಕ್ಕೆ ಕಚೇರಿಯ ಇಮೇಲ್ ತೆರೆಯಬಹುದೇ? ಹೇಗೂ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದಲ್ಲ?

ಉತ್ತರ: ತೆರೆಯಬಾರದು. ರೀಸ್ಟಾರ್ಟ್ ಅಳಿಸುವುದು ಡಿಸ್ಕಿನಲ್ಲಿ ಬರೆದದ್ದನ್ನು ಮಾತ್ರ. ಕೀಬೋರ್ಡಿನ ತಂತಿಗೂ ಕಂಪ್ಯೂಟರಿನ ಪೋರ್ಟಿಗೂ ನಡುವೆ ಬೆರಳಿನ ತುದಿಯಷ್ಟು ದೊಡ್ಡ ಕೀಲಾಗರ್ ಸಾಧನವೊಂದನ್ನು ಯಾರಾದರೂ ಸಿಕ್ಕಿಸಿದ್ದರೆ, ಒತ್ತಿದ ಪ್ರತಿ ಅಕ್ಷರವನ್ನೂ ಅದು ತನ್ನದೇ ನೆನಪಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಯಾವ ಆಂಟಿವೈರಸ್ಸಿಗೂ ಅದು ಕಾಣಿಸಬೇಕೆಂದಿಲ್ಲ, ಯಾವ ರೀಸ್ಟಾರ್ಟಿಗೂ ಅದು ಬಗ್ಗುವುದಿಲ್ಲ. ಫೋನಿಗೆ ಬರುವ ಎರಡನೆಯ ಹಂತದ ದೃಢೀಕರಣ ಇದ್ದರೆ ಕದ್ದ ಪಾಸ್‌ವರ್ಡೊಂದರಿಂದಲೇ ಒಳಗೆ ಬರುವುದು ಕಷ್ಟವಾಗುತ್ತದೆ ನಿಜ, ಆದರೆ ನೀವು ತೆರೆದಿಟ್ಟ ಇಮೇಲನ್ನು ಅದೇ ಯಂತ್ರದಲ್ಲಿ ಅಡಗಿರುವ ತಂತ್ರಾಂಶ ಓದುವುದನ್ನು ಅದು ತಡೆಯಲಾರದು.

ಅದೇ ರೀತಿ, ಸಾರ್ವಜನಿಕ ಯಂತ್ರವನ್ನು ಸರಿಪಡಿಸಲು ಕುಳಿತಾಗ ಆ ಯಂತ್ರದ ಅಡ್ಮಿನ್ ಪಾಸ್‌ವರ್ಡನ್ನು ಹೊರತು ನಿಮ್ಮ ಬೇರೆ ಯಾವ ಪಾಸ್‌ವರ್ಡನ್ನೂ ಅಲ್ಲಿ ಟೈಪ್ ಮಾಡಬೇಡಿ. ದಿನವೂ ಬಾಗಿಲು ತೆರೆಯುವವರಿಗೆ ಕೆಲಸ ಆರಂಭಿಸುವ ಮೊದಲು ಕಂಪ್ಯೂಟರುಗಳ ಹಿಂಬದಿಯನ್ನು ಒಮ್ಮೆ ಬಗ್ಗಿ ನೋಡಲು ಹೇಳಿ. ಎಲ್ಲವೂ ಸರಿಯಿರುವ ದಿನ ಹಿಂಬದಿಯ ಒಂದು ಫೋಟೋ ತೆಗೆದಿಟ್ಟುಕೊಂಡರೆ, ಹೊಸದಾಗಿ ಏನಾದರೂ ಸೇರಿಕೊಂಡಿದ್ದರೆ ತಂತ್ರಜ್ಞಾನ ತಿಳಿಯದವರಿಗೂ ಅದು ಕಣ್ಣಿಗೆ ಬೀಳುತ್ತದೆ.