ಕಣ್ಣುಕುಟಿಕೆ ಹೋಯಿತು, ಮತ್ತೆ ಬಂತು!
ಓದುಗರ ಪ್ರಶ್ನೆ, ಕಣ್ಣಿನ ಡಾಕ್ಟರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕಣ್ಣುಕುಟಿಕೆಯವೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇದೊಂದನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 27 ವರ್ಷ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಈ ವರ್ಷ ನಾಲ್ಕನೇ ಸಲ ಕಣ್ಣುಕುಟಿಕೆ ಎದ್ದಿದೆ. ಒಮ್ಮೆ ಬಲಗಣ್ಣು, ಒಮ್ಮೆ ಎಡಗಣ್ಣು. ಪ್ರತಿ ಸಲ ಮುಲಾಮು ಹಚ್ಚುತ್ತೇನೆ, ವಾರ ಹತ್ತು ದಿನಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಯಾಕೆ ಹೀಗೆ? ಇನ್ನೊಂದು ಮಾತು: ಬೆಳಿಗ್ಗೆ ಎದ್ದಾಗ ರೆಪ್ಪೆಗೂದಲ ಬುಡದಲ್ಲಿ ಹೊಟ್ಟು ಅಂಟಿರುತ್ತದೆ. ಅದು ಮಾಮೂಲಿ ಅಲ್ವಾ?

ಉತ್ತರ: ಮಾಮೂಲಿ ಅಲ್ಲ. ನೀವು ಕೊನೆಗೆ ಸುಮ್ನೆ ಸೇರಿಸಿದ ಆ ಮಾತಿನಲ್ಲೇ ನಿಮ್ಮ ನಾಲ್ಕೂ ಕುರುಗಳ ಮೂಲ ಇರುವ ಹಾಗಿದೆ.

ಮತ್ತೆ ಮತ್ತೆ ಕುರು ಆಗುತ್ತಿದೆ ಎಂದು ಯಾರಾದರೂ ಬಂದರೆ ನಾನು ಮೊದಲು ನೋಡುವುದು ಕುರುವನ್ನಲ್ಲ, ಚೆನ್ನಾಗಿರುವ ಇನ್ನೊಂದು ಕಣ್ಣಿನ ರೆಪ್ಪೆಯನ್ನು. ಊದಿದ ರೆಪ್ಪೆ ನೋಡಿದರೆ ಊತ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಕುರು ಇಲ್ಲದ ಕಡೆ ರೆಪ್ಪೆಯ ಅಂಚು ಕೆಂಪಾಗಿದೆಯೇ, ಕೂದಲ ಬುಡದಲ್ಲಿ ಹೊಟ್ಟು ಇದೆಯೇ ಎಂದು ನೋಡುತ್ತೇನೆ. ಅಂಚನ್ನು ಮೆಲ್ಲಗೆ ಒತ್ತಿದಾಗ ತಿಳಿ ಎಣ್ಣೆ ಬಂದರೆ ಸರಿ. ಟೂತ್‌ಪೇಸ್ಟ್ ಹಾಗೆ ಗಟ್ಟಿಯಾಗಿ ಬಂದರೆ ಅಥವಾ ಏನೂ ಬರದಿದ್ದರೆ, ಮುಂದಿನ ಕುರು ಎಲ್ಲಿ ಏಳುತ್ತದೆ ಎಂದು ಅಲ್ಲೇ ಬೆರಳಿಟ್ಟು ತೋರಿಸಬಹುದು.

ರೆಪ್ಪೆಯ ಅಂಚು ನಮಗೆ ಒಂದು ಗೆರೆಯಷ್ಟೇ ಕಾಣುತ್ತದೆ. ಆದರೆ ಪ್ರತಿ ಕೂದಲ ಬುಡಕ್ಕೂ ಅಂಟಿಕೊಂಡು ಸಣ್ಣ ಎಣ್ಣೆ ಗ್ರಂಥಿಗಳಿವೆ, ಪಕ್ಕದಲ್ಲಿ ಬೆವರಿನ ಗ್ರಂಥಿಗಳಿವೆ. ಅವುಗಳ ಹಿಂದೆ, ರೆಪ್ಪೆಯ ಒಳಗೆ ಸಾಲಾಗಿ ಮೈಬೋಮಿಯನ್ ಗ್ರಂಥಿಗಳು ನಿಂತಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲೇ ಇವುಗಳನ್ನು ವಿವರಿಸಿ ಬರೆದಿದ್ದರು, ಅದಕ್ಕೇ ಈ ಹೆಸರು. ಇವು ಬಿಡುವ ಎಣ್ಣೆ ಕಣ್ಣೀರಿನ ಮೇಲೆ ತೆಳುವಾಗಿ ಹರಡುತ್ತದೆ, ಕಣ್ಣು ಬೇಗ ಒಣಗದಂತೆ ನೋಡಿಕೊಳ್ಳುತ್ತದೆ.

ಈ ಗ್ರಂಥಿಗಳಲ್ಲಿ ಯಾವುದಾದರೂ ಒಂದರ ಬಾಯಿ ಮುಚ್ಚಿಹೋಗಿ, ಒಳಗೆ ನಿಂತ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅದೇ ಕಣ್ಣುಕುಟಿಕೆ. ಕೂದಲ ಬುಡದಲ್ಲಾದರೆ ಹೊರಗಡೆಯೇ ಹಳದಿ ಮೊನೆ ಕಾಣುತ್ತದೆ. ಮೈಬೋಮಿಯನ್ ಗ್ರಂಥಿಯಲ್ಲಾದರೆ ರೆಪ್ಪೆಯೊಳಗೆ ಗಂಟು, ನೋವೂ ಜಾಸ್ತಿ. ಬ್ಯಾಕ್ಟೀರಿಯಾ ಹೆಚ್ಚಿನ ಸಲ ಸ್ಟೆಫೈಲೊಕಾಕಸ್ ಆರಿಯಸ್. ಅದೇನು ದೂರದಿಂದ ಬರಬೇಕಿಲ್ಲ. ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಅದು ಇದ್ದೇ ಇರುತ್ತದೆ. ಮೂಗು ಮುಟ್ಟಿದ ಬೆರಳು ಕಣ್ಣಿಗೆ ಹೋಗಲು ಎಷ್ಟು ಹೊತ್ತು ಬೇಕು ಹೇಳಿ?

ನಿಮ್ಮ ವಿಷಯದಲ್ಲಿ, ಆ ಹೊಟ್ಟು ಬ್ಲೆಫರೈಟಿಸ್ ಇರಬಹುದು ಅನ್ನಿಸುತ್ತದೆ. ಅಂದರೆ ರೆಪ್ಪೆಯ ಅಂಚು ಸದಾ ಸ್ವಲ್ಪ ಉರಿಯೂತದಲ್ಲೇ ಇರುವುದು. ತಲೆಹೊಟ್ಟು ಇರುವವರಲ್ಲಿ ಇದು ಸಾಮಾನ್ಯ. ಕೆನ್ನೆ, ಮೂಗು ಆಗಾಗ ಕೆಂಪೇರುವ ರೊಸೇಸಿಯಾ ಎಂಬ ಚರ್ಮದ ತೊಂದರೆ ಇರುವವರಲ್ಲೂ ಕಾಣುತ್ತದೆ. ಕೆಲವರಲ್ಲಿ ಕೂದಲ ಬುಡದಲ್ಲಿ ಬದುಕುವ ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳುಗಳು ಜಾಸ್ತಿಯಾಗಿರುತ್ತವೆ. ಹೆದರಬೇಡಿ, ವಯಸ್ಸಾದಂತೆ ಇವು ಬಹಳ ಜನರಲ್ಲಿ ಇರುತ್ತವೆ, ಬರಿಗಣ್ಣಿಗೆ ಕಾಣುವುದೂ ಇಲ್ಲ. ಇವಕ್ಕೆಂದು ಟೀ ಟ್ರೀ ಎಣ್ಣೆಯನ್ನು ನೇರವಾಗಿ ರೆಪ್ಪೆಗೆ ಹಚ್ಚಿಕೊಂಡು ಕಣ್ಣು ಉರಿಸಿಕೊಳ್ಳಬೇಡಿ, ಅಷ್ಟೇ.

ಇನ್ನು ಕಂಪ್ಯೂಟರ್. ಪರದೆಯಿಂದ ಕುರು ಏಳುವುದಿಲ್ಲ. ಆದರೆ ನಾವು ರೆಪ್ಪೆ ಬಡಿದಾಗಲೆಲ್ಲ ಆ ಗ್ರಂಥಿಗಳು ಒತ್ತಿಕೊಂಡು ಚೂರು ಚೂರು ಎಣ್ಣೆ ಹೊರಗೆ ಬರುತ್ತದೆ. ಮಾಮೂಲಿಯಾಗಿ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಇದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು, ಬಡಿದರೂ ಅರ್ಧಂಬರ್ಧ. ಎಣ್ಣೆ ಒಳಗೇ ನಿಲ್ಲುತ್ತದೆ, ಕಣ್ಣು ಒಣಗಿ ಉರಿಯುತ್ತದೆ, ನೀವು ಉಜ್ಜುತ್ತೀರಿ. ಉಜ್ಜಿದ ಕೈ ಆಗಷ್ಟೇ ಮೌಸು, ಮೊಬೈಲು ಎಲ್ಲ ಮುಟ್ಟಿ ಬಂದಿರುತ್ತದೆ.

ಮುಲಾಮು ಈ ಯಾವುದನ್ನೂ ಸರಿಪಡಿಸುವುದಿಲ್ಲ. ಎದ್ದ ಕುರುವಿಗೂ ಅದು ದೊಡ್ಡ ಸಹಾಯವೇನಲ್ಲ, ಯಾಕೆಂದರೆ ಸಾದಾ ಕುರು ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ನಿಮಗೆ ಬೇಕಾದದ್ದು ದಿನಕ್ಕೊಮ್ಮೆ ರೆಪ್ಪೆಯ ಅಂಚಿನ ಶುಚಿ. ಮುಖ ತೊಳೆಯುವಾಗ ಕಣ್ಣು ಮುಚ್ಚಿ ನೀರು ಎರಚಿಕೊಂಡರೆ ಅಂಚು ಶುಚಿಯಾಗುವುದಿಲ್ಲ. ಕೈ ತೊಳೆದುಕೊಳ್ಳಿ. ಕೆಲವು ನಿಮಿಷ ಬಿಸಿ ಬಟ್ಟೆಯ ಶಾಖ ಕೊಡಿ. ಕಣ್ಣು ಮುಚ್ಚಿ, ಮೇಲಿನ ರೆಪ್ಪೆಯನ್ನು ಮೇಲಿಂದ ಕೆಳಕ್ಕೆ, ಕೆಳಗಿನದನ್ನು ಕೆಳಗಿಂದ ಮೇಲಕ್ಕೆ, ಕೂದಲ ಕಡೆಗೆ ಬೆರಳಿಂದ ಹಗುರವಾಗಿ ನೀವಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಮಕ್ಕಳ ಶಾಂಪೂ ಬೆರೆಸಿ, ಹತ್ತಿಯಿಂದ ಕೂದಲ ಬುಡವನ್ನು ಒರೆಸಿ, ತೊಳೆದುಬಿಡಿ. ರೆಪ್ಪೆ ಒರೆಸಲೆಂದೇ ಸಿಗುವ ವೈಪ್ಸ್ ಆದರೂ ಸರಿ. ಎರಡು ಕಣ್ಣಿಗೆ ಬೇರೆ ಬೇರೆ ಹತ್ತಿ.

ಇದನ್ನು ಕುರು ಹೋದ ಮೇಲೂ ಮಾಡಬೇಕು. ಎಲ್ಲರೂ ಬಿಟ್ಟುಬಿಡುವುದು ಇಲ್ಲೇ. ನೋವು ಹೋದ ದಿನವೇ ಹತ್ತಿ ಕಪಾಟು ಸೇರುತ್ತದೆ. ನಾಲ್ಕೈದು ವಾರ ಬಿಡದೆ ಮಾಡಿ, ಬೆಳಗಿನ ಹೊಟ್ಟು ಹೋಗಿದೆಯೇ ನೋಡಿ. ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಕೆಲ ವಾರಗಳ ಮಾತ್ರೆ ಬೇಕಾಗುತ್ತದೆ. ಜೊತೆಗೆ ಒಮ್ಮೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಪದೇ ಪದೇ ಕುರು ಏಳುವವರಿಗೆ ನಾನು ವಯಸ್ಸು ನೋಡದೆ ಇದನ್ನು ಹೇಳುತ್ತೇನೆ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಆಗಾಗ ಕಣ್ಣುಕುಟಿಕೆ ಆಗುತ್ತದೆ. ಇದು ಬೇರೆ ಮಕ್ಕಳಿಗೆ ಅಂಟುತ್ತದೆಯೇ? ಶಾಲೆ ಬಿಡಿಸಬೇಕೇ? ಅವಳು ಯಾವಾಗಲೂ ಕಣ್ಣು ಉಜ್ಜುತ್ತಲೇ ಇರುತ್ತಾಳೆ, ಎಷ್ಟು ಬೈದರೂ ಕೇಳುವುದಿಲ್ಲ.

ಉತ್ತರ: ಬೈಯಬೇಡಿ, ಕಣ್ಣು ಪರೀಕ್ಷೆ ಮಾಡಿಸಿ. ಮಗು ಸುಮ್ಮಸುಮ್ಮನೆ ಕಣ್ಣು ಉಜ್ಜುವುದಿಲ್ಲ. ಅಲರ್ಜಿಯಿಂದ ತುರಿಕೆ ಇರಬಹುದು, ಕನ್ನಡಕ ಬೇಕಾಗಿರಬಹುದು. ಸರಿಯಾಗಿ ಕಾಣದ ಮಗು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಕಣ್ಣಿಗೆ ಆಯಾಸವಾಗುತ್ತದೆ, ಉಜ್ಜುತ್ತದೆ. ಉಜ್ಜುವುದಕ್ಕೆ ಕಾರಣ ಸಿಕ್ಕರೆ ಕುರುವಿನ ಅರ್ಧ ಕೆಲಸ ಮುಗಿದಂತೆ. ಉಗುರು ಗಿಡ್ಡವಾಗಿರಲಿ.

ಶಾಲೆ ಬಿಡಿಸಬೇಕಿಲ್ಲ. ಕಣ್ಣುಕುಟಿಕೆ ಮದ್ರಾಸ್ ಐ ಹಾಗೆ ತರಗತಿಗೆಲ್ಲ ಹರಡುವುದಿಲ್ಲ. ನೋಡಿದರೆ ಬರುತ್ತದೆ ಎಂಬುದಂತೂ ಸುಳ್ಳು. ಆದರೆ ಕೀವಿನಲ್ಲಿ ಬ್ಯಾಕ್ಟೀರಿಯಾ ಇರುತ್ತದಲ್ಲ, ಹಾಗಾಗಿ ಅವಳ ಟವೆಲ್, ದಿಂಬಿನ ಕವರ್ ಬೇರೆ ಇರಲಿ.

ಪ್ರಶ್ನೆ: ಹಳದಿ ಮೊನೆ ಕಾಣುತ್ತಿದೆ. ಒತ್ತಿ ಕೀವು ತೆಗೆದರೆ ಬೇಗ ವಾಸಿಯಾಗುವುದಿಲ್ಲವೇ?

ಉತ್ತರ: ಬೇಡ. ಒತ್ತಿದಾಗ ಕೀವು ಹೊರಗೇ ಬರುತ್ತದೆ ಎಂದು ಖಾತ್ರಿ ಇಲ್ಲ. ಒಳಕ್ಕೂ ಹೋಗಬಹುದು, ಆಗ ಸೋಂಕು ಇಡೀ ರೆಪ್ಪೆಗೆ ಹರಡುತ್ತದೆ. ಸೂಜಿಯಂತೂ ಕೈಗೆ ತೆಗೆದುಕೊಳ್ಳಲೇಬೇಡಿ. ಶಾಖ ಕೊಡುತ್ತಾ ಹೋದರೆ ಅದು ತಾನೇ ಒಡೆಯುತ್ತದೆ. ಒಡೆದಾಗ ಶುಚಿಯಾದ ಹತ್ತಿಯಿಂದ ಒರೆಸಿ, ಕೈ ತೊಳೆದುಕೊಳ್ಳಿ.

ಪ್ರಶ್ನೆ: ಬಿಸಿ ಶಾಖ ಕೊಟ್ಟೆ, ಏನೂ ಪ್ರಯೋಜನ ಆಗಲಿಲ್ಲ. ಮನೆಯಲ್ಲಿ ಹಿಂದೊಮ್ಮೆ ಬರೆದುಕೊಟ್ಟಿದ್ದ ಕಣ್ಣಿನ ಹನಿ ಇದೆ, ಅದನ್ನೇ ಹಾಕಿಕೊಳ್ಳಲೇ?

ಉತ್ತರ: ಎಷ್ಟು ಹೊತ್ತು ಶಾಖ ಕೊಟ್ಟಿರಿ ಎಂದು ನೀವು ಬರೆದಿಲ್ಲ. ನನ್ನ ಹತ್ತಿರ ಬರುವವರನ್ನು ಕೇಳಿದರೆ ಬಹಳ ಮಂದಿ 'ಆಗಾಗ ಸ್ವಲ್ಪ' ಎನ್ನುತ್ತಾರೆ. ಆ ಸ್ವಲ್ಪ ಸಾಲದು. ಗಟ್ಟಿಯಾದ ಎಣ್ಣೆ ಕರಗಬೇಕಾದರೆ ರೆಪ್ಪೆಗೆ ಹತ್ತಿರ ಹತ್ತಿರ 40 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಬೇಕು, ಅದೂ ಕೆಲ ನಿಮಿಷ ಬಿಡದೆ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಎರಡೇ ನಿಮಿಷಕ್ಕೆ ಆರಿಬಿಡುತ್ತದೆ. ಆಮೇಲೆ ನೀವು ಕಣ್ಣ ಮೇಲೆ ಇಟ್ಟುಕೊಂಡು ಕೂತಿರುವುದು ಬರೀ ಒದ್ದೆ ಬಟ್ಟೆ. ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದು ಕಣ್ಣ ಮೇಲಿದ್ದಾಗ ಇನ್ನೊಂದು ಬಿಸಿ ನೀರಿನಲ್ಲಿರಲಿ. ಹೀಗೆ ಬದಲಿಸುತ್ತಾ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ.

ಬಿಸಿ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲ್ಲ. ಮೈಯಲ್ಲೇ ತೀರಾ ತೆಳು ಚರ್ಮ ರೆಪ್ಪೆಯದು, ಬೇಗ ಸುಡುತ್ತದೆ. ಮೊದಲು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಒದ್ದೆ ಬಟ್ಟೆಯನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ. ಹೊರಗೆ ಹಿತವಾಗಿದ್ದು ಮಡಿಕೆಯೊಳಗೆ ಸುಡುವಷ್ಟು ಬಿಸಿ ಇರುತ್ತದೆ.

ಆ ಹಳೇ ಹನಿಯನ್ನು ದಯವಿಟ್ಟು ಬಿಸಾಡಿ. ಬಾಟಲಿ ತೆರೆದು ಸುಮಾರು ಒಂದು ತಿಂಗಳಾದ ಮೇಲೆ ಕಣ್ಣಿನ ಹನಿ ಬಳಸಬಾರದು. ಅದಕ್ಕಿಂತ ದೊಡ್ಡ ಭಯ ನನಗೆ ಸ್ಟೀರಾಯ್ಡ್‌ನದು. ಬಹಳ ಹನಿಗಳಲ್ಲಿ ಆಂಟಿಬಯಾಟಿಕ್ ಜೊತೆ ಸ್ಟೀರಾಯ್ಡ್ ಬೆರೆತಿರುತ್ತದೆ. ಹಾಕಿದ ಕೂಡಲೇ ಕೆಂಪು ಇಳಿಯುತ್ತದೆ, ಎಲ್ಲರಿಗೂ ಖುಷಿ. ಆದರೆ ಕಣ್ಣಿನಲ್ಲಿ ಹರ್ಪಿಸ್ ಅಥವಾ ಫಂಗಸ್ ಸೋಂಕು ಇದ್ದರೆ ಅದು ಕೆರಳುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರಿ ಗ್ಲಕೋಮಾ ಬರಬಹುದು, ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಒಂದು ಸಣ್ಣ ಕುರುವಿಗೆ ಇಷ್ಟೆಲ್ಲ ಬೇಕೇ? ಅಡುಗೆಮನೆಯ ಪದಾರ್ಥಗಳ ಬಗ್ಗೆಯೂ ಹಲವರು ಕೇಳಿದ್ದಾರೆ. ಯಾವುದನ್ನೂ ಕಣ್ಣಿಗೆ ಹಾಕಬೇಡಿ, ಬಿಸಿ ಬಟ್ಟೆಯ ಶಾಖವೊಂದೇ ಸಾಕು.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಭಾನುವಾರ ಒಂದು ಸಮಾರಂಭ ಇದೆ. ಕುರುವಿನ ಮೇಲೆ ಸ್ವಲ್ಪ ಮೇಕಪ್ ಹಚ್ಚಿ ಮುಚ್ಚಬಹುದೇ?

ಉತ್ತರ: ಭಾನುವಾರ ಕನ್ನಡಕ ಹಾಕಿಕೊಂಡು ಹೋಗಿ. ಅಂಚಿನ ಊತ ಅರ್ಧ ಅದರಲ್ಲೇ ಮರೆಯಾಗುತ್ತದೆ. ಕುರು ವಾಸಿಯಾಗುವವರೆಗೆ ಲೆನ್ಸ್ ಬೇಡ, ಮೇಕಪ್ಪೂ ಬೇಡ.

ನಂತರ ಒಂದು ಸಲ ನಿಮ್ಮ ಮೇಕಪ್ ಚೀಲ ಬಿಚ್ಚಿ ನೋಡಿ. ಕುರು ಇದ್ದಾಗ ಬಳಸಿದ ಮಸ್ಕರಾ, ಐಲೈನರ್, ಕಾಡಿಗೆ ಬಿಸಾಡಿ. ಬೇಜಾರಾಗುತ್ತದೆ, ಗೊತ್ತು. ಆದರೆ ಮಸ್ಕರಾ ಕಡ್ಡಿ ಪ್ರತಿ ದಿನ ನಿಮ್ಮ ರೆಪ್ಪೆಯಿಂದ ಬ್ಯಾಕ್ಟೀರಿಯಾ ತೆಗೆದುಕೊಂಡು ಹೋಗಿ ಆ ಒದ್ದೆ ಕತ್ತಲೆ ಕೊಳವೆಯೊಳಗೆ ಬಿಡುತ್ತದೆ. ಕುರು ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಗೆಳತಿಯರ ಜೊತೆ ಹಂಚಿಕೊಳ್ಳಬೇಡಿ. ಕೂದಲ ಸಾಲಿನ ಒಳಗಡೆ, ರೆಪ್ಪೆಯ ಒದ್ದೆ ಅಂಚಿಗೆ ಬಣ್ಣ ಬಳಿಯುವುದನ್ನೂ ಬಿಡಿ. ಮೈಬೋಮಿಯನ್ ಗ್ರಂಥಿಗಳ ಬಾಯಿ ತೆರೆಯುವುದು ಅಲ್ಲೇ. ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಮೇಕಪ್ ತೆಗೆದು ಮಲಗಿ.

ಪ್ರಶ್ನೆ: ನನಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಮೇಲಿನ ರೆಪ್ಪೆಯಲ್ಲಿ ಎರಡು ತಿಂಗಳಿಂದ ಗಂಟು ಇದೆ, ನೋವಿಲ್ಲ. ಕಳೆದ ವರ್ಷ ಅದೇ ಜಾಗದಲ್ಲಿ ಆಗಿದ್ದನ್ನು ತೆಗೆಸಿದ್ದೆ. ಶಾಖ ಕೊಡುತ್ತಾ ಕಾಯಲೇ?

ಉತ್ತರ: ಸರ್, ನೀವು ಕಾಯಬೇಡಿ. ಈ ವಾರವೇ ತೋರಿಸಿ.

ನೋವಿಲ್ಲದೆ ತಿಂಗಳುಗಟ್ಟಲೆ ಉಳಿಯುವ ಗಂಟು ಸಾಮಾನ್ಯವಾಗಿ ಕಲೇಜಿಯನ್. ಅದರಲ್ಲಿ ಸೋಂಕು ಇರುವುದಿಲ್ಲ, ಮುಚ್ಚಿಹೋದ ಗ್ರಂಥಿಯ ಎಣ್ಣೆ ಸುತ್ತ ಗಂಟು ಕಟ್ಟಿರುತ್ತದೆ. ಕುರು ಇಳಿದ ಮೇಲೆ ಉಳಿಯುವ ಗಂಟೂ ಹೆಚ್ಚಾಗಿ ಇದೇ. ಚಿಕ್ಕ ವಯಸ್ಸಿನವರಾದರೆ ಒಂದೆರಡು ತಿಂಗಳು ಶಾಖ ಕೊಟ್ಟು ನೋಡಿ ಎನ್ನುತ್ತೇನೆ. ಕರಗದಿದ್ದರೆ ಗಂಟಿನೊಳಗೆ ಒಂದು ಇಂಜೆಕ್ಷನ್, ಇಲ್ಲವೇ ಆ ಜಾಗ ಮರಗಟ್ಟಿಸಿ ರೆಪ್ಪೆಯ ಒಳಗಡೆಯಿಂದ ಸಣ್ಣ ಕೊಯ್ತ. ಒಳಗಡೆಯಿಂದ ಕೊಯ್ದರೆ ಹೊರಗೆ ಗಾಯದ ಗುರುತೂ ಕಾಣುವುದಿಲ್ಲ.

ಆದರೆ ನಿಮ್ಮ ವಯಸ್ಸಿನಲ್ಲಿ, ಅದೇ ಜಾಗದಲ್ಲಿ, ತೆಗೆದ ಮೇಲೂ ಮತ್ತೆ ಬಂದಿದೆ ಎಂದರೆ ನಾನು ಅದನ್ನು ಕಲೇಜಿಯನ್ ಎಂದು ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ರೆಪ್ಪೆಯ ಎಣ್ಣೆ ಗ್ರಂಥಿಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುತ್ತದೆ, ಅದು ನೋಡಲು ಥೇಟ್ ಕಲೇಜಿಯನ್ ಹಾಗೇ ಇರಬಹುದು. ನಿಮ್ಮದು ಅದೇ ಎಂದು ಹೇಳುತ್ತಿಲ್ಲ, ಅಲ್ಲದಿರುವ ಸಾಧ್ಯತೆಯೇ ಜಾಸ್ತಿ. ಆ ಜಾಗದ ರೆಪ್ಪೆಗೂದಲು ಉದುರಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ, ಡಾಕ್ಟರಿಗೂ ಹೇಳಿ. ಉದುರಿಲ್ಲದಿದ್ದರೂ ಹೋಗಿ.

ಇದನ್ನು ಓದುವ ಉಳಿದವರೂ ಕಾಯಬಾರದ ಸಂದರ್ಭಗಳಿವೆ. ಎರಡು ದಿನ ಸರಿಯಾಗಿ ಶಾಖ ಕೊಟ್ಟರೂ ಕುರು ಹೆಚ್ಚುತ್ತಲೇ ಇದ್ದರೆ, ಕೆಂಪು ರೆಪ್ಪೆ ದಾಟಿ ಕೆನ್ನೆಗೆ ಇಳಿದರೆ ಡಾಕ್ಟರನ್ನು ನೋಡಿ. ಜ್ವರ ಬಂದರೆ, ಕಣ್ಣು ಆಡಿಸಿದಾಗ ನೋವಾದರೆ, ದೃಷ್ಟಿ ಮಂಜಾದರೆ, ಒಂದು ಎರಡಾಗಿ ಕಂಡರೆ, ಕಣ್ಣುಗುಡ್ಡೆ ಮುಂದೆ ಬಂದ ಹಾಗೆ ಅನ್ನಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಮಕ್ಕಳಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಇದು ಇನ್ನೂ ಮುಖ್ಯ.

ಸರ್, ನೀವು ಹೋಗುವಾಗ ಕಳೆದ ವರ್ಷದ ಚೀಟಿ, ಇತ್ತೀಚಿನ ಸಕ್ಕರೆ ರಿಪೋರ್ಟ್ ತೆಗೆದುಕೊಂಡು ಹೋಗಿ. ಹೋದ ಸಲ ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿದ್ದರೇ ಎಂದು ಕೇಳಿ. ಈ ಸಲ ತೆಗೆಯುವುದಾದರೆ ಕಳಿಸಲೇಬೇಕೆಂದು ನೀವೇ ಬಾಯಿಬಿಟ್ಟು ಹೇಳಿ.